ಮದ್ದಿನ ಹೆಸರಿನ ತಿಂಡಿ

ಕೊರಿಯಾದಲ್ಲಿ ಯಾಕ್‌ಗ್ವಾ ಎಂಬ ತಿಂಡಿಯಿದೆ. 'ಯಾಕ್' ಎಂದರೆ ಮದ್ದು, 'ಗ್ವಾ' ಎಂದರೆ ತಿಂಡಿ. ಗೋಧಿಹಿಟ್ಟಿಗೆ ಎಳ್ಳೆಣ್ಣೆ, ಜೇನು ಸೇರಿಸಿ ನಾದಿ, ಎಣ್ಣೆಯಲ್ಲಿ ಕರಿದು, ಮತ್ತೆ ಜೇನಿನಲ್ಲೋ ಪಾಕದಲ್ಲೋ ನೆನೆಹಾಕುತ್ತಾರೆ. ಜೇನನ್ನೇ ಮದ್ದೆನ್ನುತ್ತಿದ್ದ ಕಾಲದ ಹೆಸರದು. ಹೆಸರಿನಲ್ಲಿ ಮದ್ದಿದೆಯೆಂದು ಇದನ್ನು ತಿಂದವರು ತೆಳ್ಳಗಾದಾರೆಯೇ? ನಗಬೇಡಿ. ತೂಕ ಇಳಿಸಲು ಕೊರಿಯಾದ ಪಾರಂಪರಿಕ ವೈದ್ಯದಲ್ಲಿ ತಿಂಡಿ ಹುಡುಕುವವರು ಬಹುಮಟ್ಟಿಗೆ ನಂಬಿರುವುದು ಇಂಥದ್ದನ್ನೇ.

ಆ ವೈದ್ಯವನ್ನು ಹೀಯಾಳಿಸುವುದು ನನ್ನ ಉದ್ದೇಶವಲ್ಲ. ಲೀ ಜೆ-ಮಾ ಎಂಬ ವೈದ್ಯರು 1894ರಲ್ಲಿ ಬರೆದ ಗ್ರಂಥದಲ್ಲಿ ಮನುಷ್ಯರ ದೇಹಪ್ರಕೃತಿಯನ್ನು ನಾಲ್ಕಾಗಿ ವಿಂಗಡಿಸಿದರು. ಜೀರ್ಣಶಕ್ತಿ ಕಡಿಮೆಯಿದ್ದು ಮೈ ತಣ್ಣಗಿರುವ ಸೋ-ಉಮ್ ಪ್ರಕೃತಿಗೆ ಶುಂಠಿ, ಜೇನು. ಉಷ್ಣ ಹೆಚ್ಚಿರುವ ಸೋ-ಯಾಂಗ್‌ಗೆ ಬಾರ್ಲಿ, ಸೌತೆಕಾಯಿ. ಬೇಗ ಮೈ ಬರುವ ತೇ-ಉಮ್‌ಗೆ ಯುಲ್ಮು ಎಂಬ ಧಾನ್ಯ, ಚೆಸ್ಟ್‌ನಟ್, ಪೈನ್ ಬೀಜ. ನಾಲ್ಕನೆಯ ತೇ-ಯಾಂಗ್ ಬಲು ಅಪರೂಪ. ಮಾವಿನಹಣ್ಣು ಉಷ್ಣ, ಮಜ್ಜಿಗೆ ತಂಪು ಎಂದು ಕೇಳುತ್ತಲೇ ಬೆಳೆದ ನಮಗೆ ಈ ಮಾತು ಹೊಸದೇನಲ್ಲ.

ನನ್ನ ತಕರಾರು ಬೇರೆ. ಪ್ರಕೃತಿ ಹೇಳುವುದು ಯಾವುದು ಒಗ್ಗುತ್ತದೆ ಎಂದು. ಎಷ್ಟು ತಿನ್ನಬಹುದು ಎಂದಲ್ಲ. ನೂರು ಗ್ರಾಂ ಪೈನ್ ಬೀಜದಲ್ಲಿ ಸುಮಾರು 670 ಕ್ಯಾಲೊರಿ; ಅಷ್ಟೇ ತೂಕದ ಸೌತೆಕಾಯಿಯಲ್ಲಿ ಇಪ್ಪತ್ತೂ ಇಲ್ಲ. ದಪ್ಪಗಿರುವ ತೇ-ಉಮ್‌ನವನು 'ನನ್ನ ಪ್ರಕೃತಿಗೆ ಹೇಳಿದ್ದು' ಎಂದು ಪೈನ್ ಬೀಜವನ್ನು ಬೊಗಸೆಗಟ್ಟಲೆ ಮುಕ್ಕಿದರೆ ಅವನ ಹೊಟ್ಟೆ ಲೀ ಜೆ-ಮಾ ಅವರ ಮುಖ ನೋಡಿ ಸುಮ್ಮನಿದ್ದೀತೇ?

ಇನ್ನೊಂದು ಮಾತು ನಗುವಂಥದ್ದಲ್ಲ. ತೂಕ ಇಳಿಸಲು ಕೊಡುವ ತೇ-ಉಮ್-ಜೋವಿ-ತಾಂಗ್ ಕಷಾಯದಲ್ಲಿ ಯುಲ್ಮು, ಚೆಸ್ಟ್‌ನಟ್‌ಗಳ ಜೊತೆ ಮಾಹ್ವಾಂಗ್ ಎಂಬ ಗಿಡವೂ ಸೇರುತ್ತದೆ. ಅದರಲ್ಲಿರುವ ಎಫೆಡ್ರಿನ್ ಹಸಿವನ್ನು ಅಡಗಿಸುತ್ತದೆ. ಎದೆಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುತ್ತದೆ. ಈ ಸಸ್ಯಾಂಶವಿದ್ದ ಪೂರಕ ಆಹಾರಗಳನ್ನು ಅಮೆರಿಕ 2004ರಲ್ಲಿ ನಿಷೇಧಿಸಿತು. ಹಸಿವು ಅಡಗಿಸಿದ್ದು ಮಾಹ್ವಾಂಗ್, ಹೆಸರು ಬರುವುದು ಚೆಸ್ಟ್‌ನಟ್‌ಗೆ! ಕಷಾಯ ವೈದ್ಯರ ಕೈಯಲ್ಲಿರಲಿ. ಅದನ್ನು ತಿಂಡಿಯಂತೆ ಕೊಂಡು ಕುಡಿಯುವುದು ಪರಂಪರೆಯಲ್ಲ, ಹುಂಬತನ.

ಹಾಗಾದರೆ ತಿನ್ನುವುದೇನನ್ನು? ನಿಜವಾಗಿ ಹಸಿದಾಗ ನಾಲ್ಕೈದು ಬೇಯಿಸಿದ ಚೆಸ್ಟ್‌ನಟ್, ಸೌತೆಕಾಯಿಯ ಹೋಳು, ಸಕ್ಕರೆ ಹಾಕದ ಬಾರ್ಲಿ ಚಹಾ ಸಾಕು. ಕೊರಿಯಾ ವೈದ್ಯದ ಮಹಾಗ್ರಂಥವೆಂದರೆ ಹೋ ಜುನ್ ಅವರ 'ದೊಂಗುಯಿ ಬೊಗಾಮ್', 1613ರಲ್ಲಿ ಅಚ್ಚಾದದ್ದು. ಸಂಜೆಯ ಹೊತ್ತು ಹೊಟ್ಟೆ ಬಿರಿಯ ಉಣ್ಣಬಾರದೆಂಬ ಎಚ್ಚರಿಕೆ ಅದರಲ್ಲೇ ಇದೆ. ಅಂಗಡಿಯವನು ಮಾತ್ರ ಆ ಪುಟವನ್ನು ನಮಗೆ ತೋರಿಸುವುದಿಲ್ಲ. ಕಡಿಮೆ ತಿನ್ನಿ ಎಂದು ಹೇಳಿ ಯಾವ ತಿಂಡಿಯನ್ನು ಮಾರಲಾದೀತು?