ಹಬ್ಬದ ದಿನ ನಾಯಿಯನ್ನು ಕಟ್ಟಿಹಾಕುವವರಿಗೆ

ಕಳೆದ ದೀಪಾವಳಿಗೆ ನಮ್ಮ ಮನೆಗೆ ಬಂದಿದ್ದ ನೆಂಟರೊಬ್ಬರು, ನಾನು ಹಿತ್ತಿಲ ಜಗಲಿಯಲ್ಲಿ ಕುಳಿತು ಹಳೆಯ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಚಪಾತಿಯ ಚೂರುಗಳನ್ನಿಟ್ಟು, ಒಂದೊಂದರ ಮೇಲೂ ಟೆನಿಸ್ ಚೆಂಡು ಕೂರಿಸುತ್ತಿದ್ದುದನ್ನು ನೋಡಿ, "ಏನು ಭಾವ, ರಿಟೈರ್ ಆದ ಮೇಲೆ ನಾಯಿಗೂ ಪಾಠ ಶುರು ಮಾಡಿದಿರೋ?" ಎಂದು ನಕ್ಕರು. ನಾನೂ ನಕ್ಕೆ. ಆದರೆ ಅವರು ಅಷ್ಟಕ್ಕೇ ಬಿಡಲಿಲ್ಲ. "ಹಬ್ಬದ ದಿನ ನಾಯೀನ ಹಿಂದುಗಡೆ ಕಟ್ಟಿ ಒಂದು ಹೋಳಿಗೆ ಎಸೆದರೆ ಆಯಿತಪ್ಪ. ಅದಕ್ಕೇನು ಗೊತ್ತು ಹಬ್ಬ?" ಎಂದರು. ಹಬ್ಬದ ಮನೆಯಲ್ಲಿ ವಾದ ಬೇಡವೆಂದು ಅಂದು ಸುಮ್ಮನಾದೆ. ಉತ್ತರವನ್ನು ಇಂದು ಬರೆಯುತ್ತಿದ್ದೇನೆ.

ಉತ್ತರಕ್ಕೆ ಮೊದಲು ಒಂದು ತಪ್ಪೊಪ್ಪಿಗೆ. ಅವರು ಹೇಳಿದ್ದನ್ನೇ ನಾನೂ ಒಮ್ಮೆ ಮಾಡಿದ್ದೆ. 1993ರ ದೀಪಾವಳಿಯಂದು ನಮ್ಮ ಕರಿಯನನ್ನು ಹಿತ್ತಿಲ ಸೀಬೆಮರಕ್ಕೆ ಕಟ್ಟಿ, ಎಲೆಯ ತುಂಬ ಅನ್ನ, ಮೇಲೊಂದು ಹೋಳಿಗೆ ಹಾಕಿ, ಕರ್ತವ್ಯ ಮುಗಿಯಿತೆಂದು ಅಂಗಳಕ್ಕೆ ಬಂದು ಮಕ್ಕಳ ಕೈಗೆ ಪಟಾಕಿ ಸರ ಕೊಟ್ಟಿದ್ದೆ. ರಾತ್ರಿ ಹತ್ತಕ್ಕೆ ಬ್ಯಾಟರಿ ಹಿಡಿದು ಹೋಗಿ ನೋಡಿದರೆ ಅನ್ನ ಮುಟ್ಟಿರಲಿಲ್ಲ. ಸರಪಳಿಯ ತುದಿಯಲ್ಲಿ ಹರಿದ ಕೊರಳಪಟ್ಟಿ ಮಾತ್ರ ಇತ್ತು. ಮೂರು ದಿನ ಬಸ್ ನಿಲ್ದಾಣ, ಸಂತೆಮಾಳ, ರೈಲು ಹಳಿಯ ಬದಿ ಎಲ್ಲ ಹುಡುಕಿದೆವು. ಸಿಗಲಿಲ್ಲ. ಅದು ಬೆದರಿ ಓಡಿದ್ದು ಬೇರೆ ಯಾರ ಮನೆಯ ಸದ್ದಿಗೂ ಅಲ್ಲ, ನಮ್ಮ ಮನೆಯ ಪಟಾಕಿಗೇ. ಆದ್ದರಿಂದ ಈ ವಿಷಯದಲ್ಲಿ ನನ್ನ ದನಿ ಕೊಂಚ ಏರಿದರೆ ಓದುಗರು ಮನ್ನಿಸಬೇಕು.

"ಅದಕ್ಕೇನು ಗೊತ್ತು ಹಬ್ಬ" ಎಂಬ ಮಾತನ್ನೇ ಎತ್ತಿಕೊಳ್ಳೋಣ. ನೀರು ತುಂಬುವ ದಿನದಿಂದಲೇ ಮನೆಯ ವಾಸನೆ ಬದಲಾಗುತ್ತದೆ. ತೊಳೆದ ಹಂಡೆ, ಒಲೆಯ ಹೊಗೆ, ಕಾಯಿಸಿದ ಎಳ್ಳೆಣ್ಣೆ, ಸೀಗೆಪುಡಿ, ಚೆಂಡುಹೂವು, ಹೂರಣ, ಊರಿಂದ ಬಂದವರ ಚಪ್ಪಲಿ. ನಮ್ಮ ಮೂಗಿನಲ್ಲಿ ವಾಸನೆ ಗ್ರಹಿಸುವ ಕೋಶಗಳು ಸುಮಾರು ಐವತ್ತು ಅರವತ್ತು ಲಕ್ಷ. ನಾಯಿಯ ಮೂಗಿನಲ್ಲಿ ಇಪ್ಪತ್ತು ಕೋಟಿಗೂ ಮೇಲು. ಹಬ್ಬ ಬಂದುದು ಮನೆಯಲ್ಲಿ ಎಲ್ಲರಿಗಿಂತ ಮೊದಲು ತಿಳಿಯುವುದು ಅದಕ್ಕೇ. ವರ್ಷದಲ್ಲಿ ಇಷ್ಟೊಂದು ಪರಿಮಳ ಒಟ್ಟಿಗೆ ಸೇರುವ ದಿನದಂದೇ ಅದನ್ನು ಒಯ್ದು ಬಚ್ಚಲ ಹಿಂದೆ ಕಟ್ಟುತ್ತೇವೆ. ಮಗುವನ್ನು ಜಾತ್ರೆಗೆ ಕರೆದೊಯ್ದು ಕಣ್ಣಿಗೆ ಬಟ್ಟೆ ಕಟ್ಟಿ ಕೂರಿಸುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಕಟ್ಟಿಹಾಕುವುದು ಕೇವಲ ಅಭ್ಯಾಸದ ಮಾತೂ ಅಲ್ಲ. ಸದಾ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಗೆ ತಕ್ಕಷ್ಟು ವ್ಯಾಯಾಮ ಮಾಡಿಸದ ಮಾಲೀಕನನ್ನು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆಯ 11ನೆಯ ಕಲಮು ಕ್ರೌರ್ಯವೆಸಗಿದವನೆಂದೇ ಎಣಿಸುತ್ತದೆ. ಆ ಕಾಯಿದೆ ಹುಟ್ಟಿ ಆರು ದಶಕ ದಾಟಿದರೂ, ಮನೆಗೆ "ನಾಯಿ ಇದೆ ಎಚ್ಚರಿಕೆ" ಎಂಬ ಹಲಗೆ ತೂಗುಹಾಕಿದ ಎಷ್ಟು ಮಂದಿ ಅದರ ಹೆಸರು ಕೇಳಿದ್ದಾರೆ?

ಇನ್ನೊಂದು ಪಂಗಡವಿದೆ. ಇವರು ಕಟ್ಟುವುದಿಲ್ಲ, ಉಡಿಸುತ್ತಾರೆ. ಜರತಾರಿ ಅಂಚಿನ ಕುರ್ತಾ, ಕೊರಳಿಗೆ ಮುತ್ತಿನ ಸರ, ಹಣೆಗೆ ಬೊಟ್ಟು, ಮುಂದೊಂದು ಕೇಕು, ಮೊಬೈಲಿನಲ್ಲಿ ಇಪ್ಪತ್ತು ಚಿತ್ರ. ನಾಯಿ ಬಾಲ ಮುದುರಿಕೊಂಡು, ಮುಖ ಅತ್ತ ತಿರುಗಿಸಿ, ಮತ್ತೆ ಮತ್ತೆ ಆಕಳಿಸುತ್ತ ಕುಳಿತಿರುತ್ತದೆ. ಅದು ಮುಜುಗರದ ಲಕ್ಷಣವೆಂದು ಬಲ್ಲವರು ಹೇಳುತ್ತಾರೆ. ಮನೆಯವರು "ನೋಡಿ, ಎಷ್ಟು ಮುದ್ದಾಗಿ ಪೋಸ್ ಕೊಡ್ತಾನೆ" ಎನ್ನುತ್ತಾರೆ. ಕಟ್ಟುವವರು ನಾಯಿಯನ್ನು ಮರೆತಿರುತ್ತಾರೆ. ಇವರು ಅದನ್ನು ಎದುರಿಗೆ ಕೂರಿಸಿಕೊಂಡೂ ನೋಡುವುದಿಲ್ಲ. ನನಗೆ ಇಬ್ಬರಲ್ಲೂ ಹೆಚ್ಚು ಭೇದ ಕಾಣದು.

ನಾಯಿಗೆ ಬೇಕಾದುದು ಬಟ್ಟೆಯಲ್ಲ, ಕೆಲಸ. ಮೂಗಿಗೆ ಕೆಲಸ. ಅದಕ್ಕೆ ಅಂಗಡಿಗೆ ಹೋಗಬೇಕಾಗಿಲ್ಲ, ಹಬ್ಬದ ಮನೆಯ ಕಸವೇ ಸಾಕು. ಇಡ್ಲಿ ತಟ್ಟೆಯ ಆಟವನ್ನು ಮೇಲೆ ಹೇಳಿದೆ. (ಅಟ್ಟದ ಮೇಲಿದ್ದ ತೂತುಬಿದ್ದ ತಟ್ಟೆಯದು, ಅಡುಗೆಮನೆಯದನ್ನು ಮುಟ್ಟಿದ್ದರೆ ನನಗೇ ಅಂದು ಊಟವಿರುತ್ತಿರಲಿಲ್ಲ.) ಚೆಂಡನ್ನು ಮೂತಿಯಿಂದ ಎತ್ತಬೇಕೋ, ಪಂಜದಿಂದ ಉರುಳಿಸಬೇಕೋ ಎಂದು ನಮ್ಮ ಕೆಂಚ ಮೊದಲ ದಿನ ಬಹಳ ಹೊತ್ತು ಯೋಚಿಸಿದ. ಕೊನೆಗೆ ತಟ್ಟೆಯನ್ನೇ ಮಗುಚಿಹಾಕಿದ. ಉತ್ತರ ಪುಸ್ತಕದಲ್ಲಿಲ್ಲದ ರೀತಿಯಲ್ಲಿ ಲೆಕ್ಕ ಬಿಡಿಸುವ ಹುಡುಗರು ಪ್ರತಿ ತರಗತಿಯಲ್ಲೂ ಒಬ್ಬಿಬ್ಬರು ಇರುತ್ತಿದ್ದರು. ಪೂರ್ಣ ಅಂಕ ಕೊಟ್ಟೆ.

ಹಳೆಯ ಟವೆಲನ್ನು ಹಾಸಿ, ರಾಗಿರೊಟ್ಟಿಯ ಚೂರನ್ನೋ ಬೇಯಿಸಿದ ಕ್ಯಾರೆಟನ್ನೋ ಅಲ್ಲಲ್ಲಿ ಉದುರಿಸಿ, ಚಾಪೆಯಂತೆ ಸುತ್ತಿ ಮುಂದಿಡಿ. ಮೂಗಿನಿಂದ ನೂಕಿ ನೂಕಿ ಬಿಡಿಸುತ್ತದೆ. ಅದು ಸುಲಭವಾದ ಮೇಲೆ ನಡುವೆ ಒಂದು ಸಡಿಲ ಗಂಟು ಹಾಕಿ. ಚಪ್ಪಲಿ ಬಂದ ರಟ್ಟಿನ ಪೆಟ್ಟಿಗೆಯಲ್ಲಿ ಮುದ್ದೆ ಮಾಡಿದ ಹಳೆಯ ಪತ್ರಿಕೆಗಳನ್ನು ತುಂಬಿ, ಅವುಗಳ ನಡುವೆ ತಿನಿಸು ಬಚ್ಚಿಡಬಹುದು. ಪಿನ್ನು, ಅಂಟುಪಟ್ಟಿಗಳನ್ನು ಮೊದಲೇ ಕಿತ್ತಿರಬೇಕು. ಮಿಠಾಯಿ ಡಬ್ಬಿ ಮಾತ್ರ ಬೇಡ, ತುಪ್ಪ ಹೀರಿದ ರಟ್ಟನ್ನೇ ನುಂಗೀತು. ಮೂರು ತೆಂಗಿನ ಕರಟಗಳನ್ನು ಬೋರಲು ಹಾಕಿ ಒಂದರ ಕೆಳಗೆ ಮಾತ್ರ ತಿನಿಸಿಟ್ಟು ಹುಡುಕಿಸುವುದು ನನ್ನ ಮೊಮ್ಮಗಳಿಗೆ ಪಟಾಕಿಗಿಂತ ಇಷ್ಟವಾದ ಆಟ. ಕರಟವನ್ನು ಕಚ್ಚಿ ಸೀಳದಂತೆ ಪಕ್ಕದಲ್ಲೇ ಇರಬೇಕು. ಈ ತಿನಿಸೆಲ್ಲ ದಿನದ ಊಟದಲ್ಲೇ ಕಳೆಯತಕ್ಕದ್ದು, ಹೆಚ್ಚುವರಿಯಲ್ಲ. ಒಣದ್ರಾಕ್ಷಿ, ಚಾಕೊಲೇಟು, ಈರುಳ್ಳಿ ನಾಯಿಗೆ ವಿಷ. ಹಬ್ಬದ ಪಾಯಸದಲ್ಲಿ, ಲಾಡಿನಲ್ಲಿ ದ್ರಾಕ್ಷಿ ಇದ್ದೇ ಇರುತ್ತದೆಂಬುದನ್ನು, "ಪಾಪ, ಒಂದು ತುಂಡು" ಎಂದು ಕೈ ಚಾಚುವ ಅತಿಥಿಗಳಿಗೆ ಬಾಗಿಲಲ್ಲೇ ಹೇಳಿಬಿಡುವುದು ಒಳ್ಳೆಯದು.

ಇದು ಮುದುಕನ ಕಾಲಹರಣವೆಂದು ತಳ್ಳಿಹಾಕುವವರಿಗೆ ಒಂದು ಮಾತು. ಡುರಾಂಟನ್ ಮತ್ತು ಹೊರೊವಿಟ್ಜ್ ಎಂಬ ವಿಜ್ಞಾನಿಗಳು 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಕೆಲವು ಸಾಕುನಾಯಿಗಳಿಗೆ ಎರಡು ವಾರ ಮೂಸಿ ಹುಡುಕುವ ಅಭ್ಯಾಸವನ್ನೂ, ಉಳಿದವಕ್ಕೆ ಯಜಮಾನನ ಪಕ್ಕದಲ್ಲಿ ಹೆಜ್ಜೆ ಹಾಕುವ ಅಭ್ಯಾಸವನ್ನೂ ಮಾಡಿಸಿದರು. ಬಳಿಕ ತಿನಿಸು ಇದೆಯೋ ಇಲ್ಲವೋ ತಿಳಿಯದ ಬಟ್ಟಲೊಂದನ್ನು ಇಟ್ಟಾಗ, ಮೂಸಿ ಹುಡುಕಿದ ನಾಯಿಗಳು ಮೊದಲಿಗಿಂತ ಬೇಗ ಅದರತ್ತ ಹೋದವು. ಎಂದರೆ, ಒಳ್ಳೆಯದೇ ಸಿಕ್ಕೀತೆಂಬ ನಿರೀಕ್ಷೆ ಅವುಗಳಲ್ಲಿ ಹೆಚ್ಚಿತ್ತು. ಪಕ್ಕದಲ್ಲಿ ನಡೆದವುಗಳಲ್ಲಿ ಆ ಬದಲಾವಣೆ ಕಾಣಲಿಲ್ಲ.

"ಇದೆಲ್ಲ ಪಾಶ್ಚಾತ್ಯರ ಶೋಕಿ" ಎಂಬುದು ಮುಂದಿನ ಆಕ್ಷೇಪ. ನೇಪಾಳ ಪಶ್ಚಿಮದಲ್ಲಿಲ್ಲ. ಅಲ್ಲಿನ ತಿಹಾರ್ ಹಬ್ಬದ ಎರಡನೆಯ ದಿನ, ಅಂದರೆ ನಮ್ಮ ನರಕ ಚತುರ್ದಶಿಯ ಹೊತ್ತಿಗೆ, ಕುಕುರ್ ತಿಹಾರ್ ಎಂದು ಬೀದಿನಾಯಿಗಳಿಗೂ ಹಾರ ಹಾಕಿ, ತಿಲಕವಿಟ್ಟು, ಊಟ ಬಡಿಸುತ್ತಾರೆ. ನಮ್ಮದೇ ಮಹಾಭಾರತದ ಆದಿಪರ್ವವನ್ನು ತೆರೆದರೆ ಬಹುಬೇಗ ಸಿಗುವುದು ಒಂದು ನಾಯಿಯ ಕಥೆ. ಜನಮೇಜಯನ ಯಜ್ಞಶಾಲೆಗೆ ಬಂದ ನಾಯಿಮರಿಯನ್ನು ಅವನ ತಮ್ಮಂದಿರು ಹೊಡೆದಟ್ಟುತ್ತಾರೆ. ಹವಿಸ್ಸನ್ನು ಅದು ನೆಕ್ಕಿರಲಿಲ್ಲ, ಕಣ್ಣೆತ್ತಿ ನೋಡಿಯೂ ಇರಲಿಲ್ಲ. ತಾಯಿ ಸರಮೆ ಬಂದು ತಪ್ಪೇನೆಂದು ಕೇಳುತ್ತಾಳೆ; ಉತ್ತರವಿಲ್ಲ. ಕಾಣದ ಕಡೆಯಿಂದ ನಿಮಗೆ ಭಯ ಬರಲಿ ಎಂದು ಶಪಿಸುತ್ತಾಳೆ. ದೀಪಾವಳಿಯ ರಾತ್ರಿ ಮಂಚದ ಕೆಳಗೆ ನಡುಗುವ ನಾಯಿಗೆ ನಾವು ಕೊಡುತ್ತಿರುವುದು ಆ ಭಯವನ್ನೇ. ಎಲ್ಲಿಂದ, ಏಕೆ, ಇನ್ನೆಷ್ಟು ಹೊತ್ತು ಎಂಬುದೊಂದೂ ಅದಕ್ಕೆ ತಿಳಿಯದು.

ಹಾಗೆಂದು ಟವೆಲು ಸುತ್ತಿಟ್ಟು, ಅಂಗಳಕ್ಕೆ ಹೋಗಿ ಆಟಂ ಬಾಂಬು ಹಚ್ಚಬಹುದೆಂದು ನಾನು ಹೇಳುತ್ತಿಲ್ಲ. ಬೆದರಿದ ನಾಯಿ ತಿನ್ನುವುದಿಲ್ಲ, ಆಡುವುದಿಲ್ಲ. ಆಟಗಳನ್ನು ನವರಾತ್ರಿಯಿಂದಲೇ ರೂಢಿ ಮಾಡಿಸಬೇಕು; ಹಬ್ಬದ ದಿನ ಬೆಳಕಿರುವಾಗಲೇ ಸುತ್ತಾಡಿಸಿ ತಂದು, ಒಳಕೋಣೆಯಲ್ಲಿ ಪರದೆ ಎಳೆದು, ನಮ್ಮಲ್ಲೊಬ್ಬರು ಜೊತೆಗಿರಬೇಕು. ಪ್ರತಿ ಸದ್ದಿನ ಬೆನ್ನಿಗೇ ಒಂದು ತಿನಿಸು ಕೊಡುವುದು ಅಥವಾ ಆಡಿಸುವುದು ಫಲ ಕೊಟ್ಟಿತೆಂದು, ಬರ್ನ್ ವಿಶ್ವವಿದ್ಯಾಲಯದ ಸ್ಟೆಫನಿ ರೀಮರ್ ಅವರ 2020ರ ಸಮೀಕ್ಷೆಯಲ್ಲಿ ಅದನ್ನು ಮಾಡಿ ನೋಡಿದ ಮಾಲೀಕರ ಪೈಕಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿ ಹೇಳಿದ್ದಾರೆ. ಹೆದರಿದಾಗ ಮುದ್ದಿಸಿದರೆ ಹೆದರಿಕೆ ಹೆಚ್ಚುತ್ತದೆಂಬುದು ಸುಳ್ಳು. ಹತ್ತಿರ ಬಂದರೆ ತಬ್ಬಿಕೊಳ್ಳಿ. ತೀರ ಅಂಜುವ ನಾಯಿಯಾದರೆ ಹಬ್ಬಕ್ಕೆ ವಾರಗಳ ಮೊದಲೇ ಪಶುವೈದ್ಯರನ್ನು ಕಾಣಬೇಕು.

ಉಳಿದದ್ದು ಬೀದಿಯ ಪಾಲು. ದೀಪಾವಳಿಯ ರಾತ್ರಿ ಎಂಟರಿಂದ ಹತ್ತರವರೆಗೆ ಮಾತ್ರ ಪಟಾಕಿ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 2018ರ ಅಕ್ಟೋಬರ್ 23ರಂದು. ನಮ್ಮ ಬೀದಿಯಲ್ಲಿ ಕಳೆದ ವರ್ಷ ಕೊನೆಯ ಸದ್ದು ಕೇಳಿದ್ದು ಹನ್ನೆರಡೂವರೆಗೆ. ಅಷ್ಟು ಹೊತ್ತೂ ನಾನು ಒಳಕೋಣೆಯ ನೆಲದ ಮೇಲೆ ಕೆಂಚನ ಪಕ್ಕದಲ್ಲಿ ಕುಳಿತಿದ್ದೆ. ಹನ್ನೊಂದರವರೆಗೆ ಸದ್ದಾದಾಗಲೆಲ್ಲ ನನ್ನ ಕೈ ನೋಡಿ ತಿನಿಸು ತಿಂದ. ಆಮೇಲೆ ತಿನ್ನಲಿಲ್ಲ, ತಲೆಯನ್ನು ನನ್ನ ಪಂಚೆಯೊಳಗೆ ತೂರಿಸಿ ಮಲಗಿದ. ಹೋಳಿಗೆ ಎಸೆದರೆ ಆಯಿತು ಎಂದಿದ್ದ ನೆಂಟರು ನೀರು ಕುಡಿಯಲು ಎದ್ದವರು ಬಾಗಿಲಲ್ಲಿ ನಿಂತು ನೋಡಿದರು. ಏನೂ ಹೇಳಲಿಲ್ಲ. ಬೆಳಗ್ಗೆ ಕಾಫಿ ಕುಡಿಯುತ್ತ, ಆ ಇಡ್ಲಿ ತಟ್ಟೆಗೆ ಯಾವ ಅಳತೆಯ ಚೆಂಡು ಬೇಕೆಂದು ಕೇಳಿದರು.