ವಾಹನದ ನಂಬರ್: ಎಷ್ಟು ಹೊಂದಿದರೆ ಸಾಕು?

ಕೆಜಿಎಫ್ ಆರ್‌ಟಿಒ ಕಚೇರಿಯಲ್ಲಿ ನೋಂದಣಿಯಾದ ವಾಹನದ ನಂಬರ್ ‘ಕೆಎ 08’ ಎಂದು ಶುರುವಾಗುತ್ತದೆ. ರಸ್ತೆಬದಿಯ ಕ್ಯಾಮೆರಾ ಆ 8ನ್ನು 3 ಎಂದು ಓದಿದರೆ ವಾಹನ ಬೆಂಗಳೂರು ಪೂರ್ವದ್ದಾಗುತ್ತದೆ. 6 ಎಂದು ಓದಿದರೆ ತುಮಕೂರಿನದು, 9 ಎಂದು ಓದಿದರೆ ಮೈಸೂರು ಪಶ್ಚಿಮದ್ದು. ಮೂರೂ ನಿಜವಾಗಿ ಇರುವ ಕಚೇರಿಗಳೇ. ಆದ್ದರಿಂದ ಓದಿದ ಸಂಖ್ಯೆಯನ್ನಷ್ಟೇ ನೋಡಿದವರಿಗೆ ಓದು ತಪ್ಪಿದೆ ಎಂಬ ಸುಳಿವು ಸಿಗುವುದಿಲ್ಲ. ಟೋಲ್, ಪಾರ್ಕಿಂಗ್, ಕಳವಾದ ವಾಹನಗಳ ಪತ್ತೆ, ದಂಡದ ನೋಟಿಸ್ ಎಲ್ಲವೂ ಕ್ಯಾಮೆರಾದ ಓದನ್ನು ನೆಚ್ಚಿಕೊಳ್ಳುತ್ತಿರುವಾಗ ಒಂದು ಪ್ರಶ್ನೆಗೆ ಉತ್ತರ ಬೇಕಾಗುತ್ತದೆ: ಓದಿದ ನಂಬರಿಗೂ ದಾಖಲೆಯಲ್ಲಿರುವ ನಂಬರಿಗೂ ಒಂದಕ್ಷರದ ವ್ಯತ್ಯಾಸವಿದ್ದರೆ ಎರಡೂ ಒಂದೇ ವಾಹನದ್ದೆಂದು ಯಾವಾಗ ಒಪ್ಪಬಹುದು? ಇದಕ್ಕೆ ಉತ್ತರ ಯಂತ್ರದ ಜಾಣ್ಮೆಯಲ್ಲಿ ಸಿಗುವುದು ಸ್ವಲ್ಪವೇ. ಹೋಲಿಸಬೇಕಾದ ವಾಹನಗಳು ಎಷ್ಟು, ತಪ್ಪಾದರೆ ನಷ್ಟ ಯಾರಿಗೆ ಎಂಬ ಎರಡು ಸಂಗತಿಗಳೇ ಅದನ್ನು ಬಹುಮಟ್ಟಿಗೆ ತೀರ್ಮಾನಿಸುತ್ತವೆ.

ಓದು ತಪ್ಪುವುದಕ್ಕೆ ಕಾರಣಗಳು ಹಲವು. 0 ಮತ್ತು ಡಿ, 8 ಮತ್ತು ಬಿ, 5 ಮತ್ತು ಎಸ್, 2 ಮತ್ತು ಜ಼ಡ್, 6 ಮತ್ತು ಜಿ ರೂಪದಲ್ಲಿ ಹತ್ತಿರದವು. 8055 ಎಂಬ ಅಂಕಿಯನ್ನು ತಿದ್ದಿ ತೀಡಿ ‘ಬಾಸ್’ ಎಂದು ಕಾಣುವಂತೆ ಬರೆಸುವವರು ಬಳಸಿಕೊಳ್ಳುವುದೂ ಇದೇ ಹೋಲಿಕೆಯನ್ನು. ಪ್ಲೇಟನ್ನು ಬಿಗಿದ ಬೋಲ್ಟು ಅಂಕಿಯ ಭಾಗದಂತೆ ಕಾಣುತ್ತದೆ. ಅಂಚಿನಲ್ಲಿರುವ 1 ಚೌಕಟ್ಟಿನ ಗೆರೆಯೊಂದಿಗೆ ಬೆರೆತು ಮಾಯವಾಗುತ್ತದೆ. ಕೆಜಿಎಫ್‌ನಲ್ಲಿದ್ದ ಕೋಲಾರ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತಾದರೂ ಅದರ ಅದಿರಿನ ತ್ಯಾಜ್ಯದ ಸೈನೈಡ್ ದಿಬ್ಬಗಳು ಉಳಿದಿವೆ, ಗಾಳಿಯ ಕಾಲದಲ್ಲಿ ಅವುಗಳ ಪುಡಿ ಊರಿನ ಮೇಲೆ ಹಾರುತ್ತದೆ. ಅಂಥ ಧೂಳು ಕೂತ ಪ್ಲೇಟಿನಲ್ಲಿ 8ರ ಎಡಬದಿ ಮಸುಕಾದರೆ ಉಳಿಯುವುದು 3. ದ್ವಿಚಕ್ರ ವಾಹನದ ಕಷ್ಟ ಇನ್ನೂ ಹೆಚ್ಚು. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕಾರಿನ ಅಕ್ಷರಗಳ ಎತ್ತರ 65 ಮಿ.ಮೀ. ಇದ್ದರೆ ಬೈಕಿನ ಮುಂಬದಿಯ ಅಕ್ಷರಗಳದ್ದು ಕೇವಲ 30 ಮಿ.ಮೀ. ಹಿಂಬದಿಯ ನಂಬರ್ ಎರಡು ಸಾಲಾಗಿರುವುದರಿಂದ ಒಂದು ಸಾಲೇ ಬಿಟ್ಟುಹೋಗುವುದೂ ಉಂಟು. ನಿಯಮಗಳು ಇಂಗ್ಲಿಷ್ ಅಕ್ಷರ ಮತ್ತು ಅಂತರರಾಷ್ಟ್ರೀಯ ಅಂಕಿಗಳನ್ನೇ ಕೇಳುವುದರಿಂದ, ಕನ್ನಡ ಅಂಕಿಗಳಲ್ಲಿ ಬರೆಸಿದ ಹಳೆಯ ಪ್ಲೇಟುಗಳು ಯಂತ್ರದ ಕಲಿಕೆಗೆ ಹೊರತಾಗಿಯೇ ಉಳಿದಿವೆ.

ತಪ್ಪಿನ ಪ್ರಮಾಣವನ್ನು ಅಂದಾಜು ಮಾಡುವುದು ಸುಲಭ. ಒಂದು ಅಕ್ಷರವನ್ನು ಸರಿಯಾಗಿ ಓದುವ ಸಂಭವ ನೂರಕ್ಕೆ 99 ಎಂದುಕೊಂಡರೆ, ಹತ್ತು ಅಕ್ಷರಗಳ ನಂಬರ್ ಪೂರ್ತಿ ಸರಿಯಾಗುವ ಸಂಭವ ನೂರಕ್ಕೆ ಸುಮಾರು 90. ಒಂದೇ ವಾಹನವನ್ನು ಎರಡು ಕಡೆ ಓದಿ ಜೋಡಿಸಬೇಕಾದರೆ ಎರಡೂ ಓದು ಸರಿಯಿರಬೇಕು. ಆ ಸಂಭವ 82ಕ್ಕೆ ಇಳಿಯುತ್ತದೆ. ಅಕ್ಷರಕ್ಷರವೂ ಹೊಂದಲೇಬೇಕೆಂದು ಹಟ ಹಿಡಿದರೆ ನೂರು ವಾಹನಗಳಲ್ಲಿ ಹದಿನೆಂಟು ಜೋಡಿ ತಪ್ಪಿಹೋಗುತ್ತವೆ. ಅಕ್ಷರದ ಮಟ್ಟದಲ್ಲಿ ನಗಣ್ಯವೆನಿಸುವ ದೋಷ ವ್ಯವಸ್ಥೆಯ ಮಟ್ಟದಲ್ಲಿ ಹೀಗೆ ದೊಡ್ಡದಾಗುತ್ತದೆ. ಹೊಂದಾಣಿಕೆಯಲ್ಲಿ ಸ್ವಲ್ಪ ಸಡಿಲಿಕೆ ಅನಿವಾರ್ಯವಾಗುವುದು ಇದರಿಂದಲೇ.

ಆದರೆ ಸಡಿಲಿಕೆಗೆ ವಾಹನದ ನಂಬರಿನ ಸ್ವರೂಪವೇ ಅಡ್ಡಿ. ಆಧಾರ್ ಸಂಖ್ಯೆಯ ಹನ್ನೆರಡನೆಯ ಅಂಕಿ ಹಿಂದಿನ ಹನ್ನೊಂದನ್ನು ಪರೀಕ್ಷಿಸುವ ತಾಳೆಯ ಅಂಕಿ. ಒಂದು ಅಂಕಿ ತಪ್ಪಾದರೆ ಲೆಕ್ಕ ಕೂಡುವುದಿಲ್ಲ, ತಪ್ಪು ತಾನಾಗಿಯೇ ಬಯಲಾಗುತ್ತದೆ. ಪುಸ್ತಕಗಳ ಐಎಸ್‌ಬಿಎನ್ ಸಂಖ್ಯೆಯಲ್ಲೂ ಇಂಥ ಏರ್ಪಾಡಿದೆ. ವಾಹನದ ನಂಬರಿನಲ್ಲಿ ಅದಿಲ್ಲ. ಒಂದು ಸೀರೀಸಿನಲ್ಲಿ 1ರಿಂದ 9999ರವರೆಗೆ ನಂಬರುಗಳು ಒತ್ತಾಗಿ ಹಂಚಿಕೆಯಾಗುತ್ತವೆ. ನಾಲ್ಕು ಅಂಕಿಗಳಲ್ಲಿ ಒಂದನ್ನು ಮಾತ್ರ ಬದಲಿಸಿದರೆ 36 ಬೇರೆ ನಂಬರುಗಳು ಹುಟ್ಟುತ್ತವೆ, ಸೀರೀಸ್ ತುಂಬಿದ್ದರೆ ಅವುಗಳಲ್ಲಿ ಬಹುಪಾಲಿಗೆ ಒಬ್ಬೊಬ್ಬ ಮಾಲೀಕರಿರುತ್ತಾರೆ. ತಪ್ಪು ಓದು ಖಾಲಿ ಜಾಗಕ್ಕೆ ಬೀಳದೆ ಇನ್ನೊಬ್ಬರ ಮನೆ ಬಾಗಿಲಿಗೆ ಹೋಗುತ್ತದೆ.

ತಾಳೆಯ ಅಂಕಿ ಇಲ್ಲದಿದ್ದರೂ ನಂಬರಿಗೆ ಒಂದು ವ್ಯಾಕರಣವಿದೆ, ಮೊದಲ ತಿದ್ದುಪಡಿ ನಡೆಯುವುದು ಅಲ್ಲಿ. ಮೊದಲ ಎರಡು ಸ್ಥಾನ ರಾಜ್ಯದ ಅಕ್ಷರಗಳು, ಮುಂದಿನ ಎರಡು ಆರ್‌ಟಿಒ ಅಂಕಿ, ಆಮೇಲೆ ಸೀರೀಸಿನ ಅಕ್ಷರ, ಕೊನೆಗೆ ನಾಲ್ಕು ಅಂಕಿ. ಅಂಕಿ ಇರಬೇಕಾದಲ್ಲಿ ಬಿ ಕಂಡರೆ ಅದನ್ನು 8 ಎಂದೇ ತಿಳಿಯಬಹುದು. ಗೊಂದಲ ಬೇಡವೆಂದು ಸೀರೀಸಿನಲ್ಲಿ ಐ ಮತ್ತು ಓ ಅಕ್ಷರಗಳನ್ನು ಸಾಮಾನ್ಯವಾಗಿ ಕೈಬಿಡಲಾಗಿದೆ. ‘ಕೆಎ 88’ ಎಂಬ ಕಚೇರಿ ಇಲ್ಲದಿರುವುದರಿಂದ ಅಂಥ ಓದು ಕೂಡಲೇ ಅನುಮಾನ ಹುಟ್ಟಿಸುತ್ತದೆ. ಆದರೆ ಈ ವ್ಯಾಕರಣಕ್ಕೂ ಅಪವಾದಗಳಿವೆ. ಹಳೆಯ ವಾಹನಗಳಿಗೆ ಸೀರೀಸಿನಲ್ಲಿ ಒಂದೇ ಅಕ್ಷರ, ಹೊಸವಕ್ಕೆ ಎರಡು. 2021ರಲ್ಲಿ ಬಂದ ಭಾರತ್ ಸೀರೀಸಿನಲ್ಲಿ ವರ್ಷದ ಅಂಕಿ ಮೊದಲು, ‘ಬಿಎಚ್’ ಆಮೇಲೆ. ಕೆಜಿಎಫ್ ಮತ್ತು ಬಂಗಾರಪೇಟೆ ಆಂಧ್ರ, ತಮಿಳುನಾಡು ಗಡಿಗೆ ಅಂಟಿಕೊಂಡಿರುವುದರಿಂದ ಕುಪ್ಪಂ, ವಿ.ಕೋಟ ಕಡೆಯ ವಾಹನಗಳು ದಿನವೂ ಇಲ್ಲಿ ಓಡಾಡುತ್ತವೆ. ಅವುಗಳಲ್ಲಿ ಹಳೆಯವು ಚಿತ್ತೂರು ಜಿಲ್ಲೆಯ ‘ಎಪಿ 03’. 2019ರಲ್ಲಿ ಆಂಧ್ರ ಇಡೀ ರಾಜ್ಯಕ್ಕೆ ‘ಎಪಿ 39’ ಎಂಬ ಒಂದೇ ಗುರುತನ್ನು ತಂದ ಮೇಲೆ ಆರ್‌ಟಿಒ ಅಂಕಿಯಿಂದ ಊರು ಊಹಿಸುವ ದಾರಿಯೂ ಮುಚ್ಚಿತು. ‘ಕೆಎ 08’ ಮಾತ್ರ ಬಲ್ಲ ನಿಯಮಗಳು ಈ ಗಡಿಯಲ್ಲಿ ಸಾಲವು.

ವ್ಯಾಕರಣ ಬಿಡಿಸಲಾಗದ್ದನ್ನು ದೂರದ ಅಳತೆ ಬಿಡಿಸಬೇಕು. ಒಂದು ಅಕ್ಷರಮಾಲೆಯನ್ನು ಇನ್ನೊಂದಾಗಿಸಲು ಎಷ್ಟು ಅಕ್ಷರ ಸೇರಿಸಬೇಕು, ಅಳಿಸಬೇಕು, ಬದಲಿಸಬೇಕು ಎಂದು ಎಣಿಸುವ ವಿಧಾನವನ್ನು ಸೋವಿಯತ್ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಶ್ಟೈನ್ 1965ರಲ್ಲಿ ಮಂಡಿಸಿದರು. ಅದನ್ನು ಹಾಗೆಯೇ ಬಳಸಿದರೆ 8 ಬದಲು 3 ಬಂದದ್ದಕ್ಕೂ 8 ಬದಲು 1 ಬಂದದ್ದಕ್ಕೂ ಒಂದೇ ಬೆಲೆ. ಮೊದಲನೆಯದು ಸಾಮಾನ್ಯ, ಎರಡನೆಯದು ಅಪರೂಪ. ಆದ್ದರಿಂದ ಆಯಾ ಕ್ಯಾಮೆರಾ ಯಾವುದನ್ನು ಯಾವುದೆಂದು ಎಷ್ಟು ಸಲ ತಪ್ಪಾಗಿ ಓದಿದೆ ಎಂಬ ದಾಖಲೆಯಿಂದಲೇ ತೂಕ ನಿಗದಿ ಮಾಡಬೇಕು. ಹೋಲುವ ಅಂಕಿಗಳನ್ನೆಲ್ಲ ಒಂದೇ ಗುಂಪಿಗೆ ಹಾಕಿ ಒಂದೆಂದು ಎಣಿಸುವುದು ಇದಕ್ಕಿಂತ ಸುಲಭ, ಹುಡುಕಾಟವೂ ಬೇಗ ಮುಗಿಯುತ್ತದೆ. ಆದರೆ 3, 6, 8 ಒಂದೇ ಎಂದು ಹಿಡಿದರೆ ಆ ಮೂರರಿಂದಲೇ ಆಗುವ ನಾಲ್ಕಂಕಿಯ 81 ನಂಬರುಗಳ ನಡುವೆ ವ್ಯತ್ಯಾಸವೇ ಉಳಿಯುವುದಿಲ್ಲ. ಗುಂಪು ಮಾಡುವುದು ಸಂಭವನೀಯರ ಪಟ್ಟಿ ತಯಾರಿಸಲು ಸರಿ, ತೀರ್ಪು ಕೊಡಲು ಸರಿಯಲ್ಲ.

ಅಳತೆಯಲ್ಲಿ ಎರಡು ನಂಬರುಗಳು ಹತ್ತಿರ ಬಂದರೂ ಅದಕ್ಕೆ ಎಷ್ಟು ಬೆಲೆ ಕೊಡಬೇಕೆಂಬುದು ಹೋಲಿಕೆಯ ಕಣ ಎಷ್ಟು ದೊಡ್ಡದು ಎಂಬುದನ್ನು ಅವಲಂಬಿಸಿದೆ. ಬೆಂಗಳೂರಿಗೆ ರೈಲು ಹಿಡಿಯುವವರು ಬಂಗಾರಪೇಟೆ ಜಂಕ್ಷನ್ ಬಳಿ ಐವತ್ತು ಬೈಕು ನಿಲ್ಲಿಸಿದ್ದಾರೆ ಎನ್ನೋಣ. ಸಂಜೆ ಹೊರಡುವ ಬೈಕಿನ ನಂಬರ್ ಬೆಳಗಿನ ದಾಖಲೆಯೊಂದಕ್ಕೆ ಒಂದಂಕಿ ಬಿಟ್ಟು ಉಳಿದೆಲ್ಲ ಹೊಂದುತ್ತದೆ. ಉಳಿದ 49 ಬೈಕುಗಳಲ್ಲಿ ಯಾವುದಾದರೂ ಕೊನೆಯ ನಾಲ್ಕಂಕಿಯಲ್ಲಿ ಅಷ್ಟೇ ಹತ್ತಿರವಿರುವ ಸಂಭವ ಐದರಲ್ಲಿ ಒಂದಕ್ಕಿಂತ ಕಡಿಮೆ. ಆರ್‌ಟಿಒ ಅಂಕಿ, ಸೀರೀಸ್ ಕೂಡ ಹೊಂದಬೇಕೆಂದರೆ ಅದು ಇನ್ನೂ ಬಹಳ ಕುಗ್ಗುತ್ತದೆ. ಇಲ್ಲಿ ಒಂದಕ್ಷರದ ಸಡಿಲಿಕೆ ನಿರಪಾಯ. ಅದೇ ಓದನ್ನು ಇಡೀ ರಾಜ್ಯದ ನೋಂದಣಿ ದಾಖಲೆಯ ಎದುರು ಇಟ್ಟರೆ ಹತ್ತಿರದವರು ಹತ್ತಾರು ಮಂದಿ ಎದ್ದು ನಿಲ್ಲುತ್ತಾರೆ. ಓದು ಒಂದೇ, ತಪ್ಪೂ ಒಂದೇ. ಬದಲಾದದ್ದು ಕಣ ಮಾತ್ರ.

ಎರಡನೆಯ ಸಂಗತಿ ನಷ್ಟದ ಹೊರೆ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ, ಬೇತಮಂಗಲದ ಕಡೆ ಸಾಗುವ ಕರ್ನಾಟಕದ ಭಾಗ ಸುಮಾರು 71 ಕಿ.ಮೀ. ಗಂಟೆಗೆ 120 ಕಿ.ಮೀ. ಮಿತಿಯಲ್ಲಿ ಹೋದರೆ ಅದಕ್ಕೆ ಮೂವತ್ತೈದೂವರೆ ನಿಮಿಷ ಬೇಕು. ಎರಡು ತುದಿಯ ಕ್ಯಾಮೆರಾಗಳ ಓದನ್ನು ಜೋಡಿಸಿ ಸರಾಸರಿ ವೇಗ ಲೆಕ್ಕ ಹಾಕುವುದಾದರೆ, ಬೇರೆ ಬೇರೆ ಕಾರುಗಳ ತಪ್ಪು ಜೋಡಿ 15 ನಿಮಿಷ ತೋರಿಸಿದಾಗ ವೇಗ 284 ಆಗುತ್ತದೆ, ಅಸಂಗತವೆಂದು ಯಾರಿಗೂ ಗೊತ್ತಾಗುತ್ತದೆ. ಆದರೆ 32 ನಿಮಿಷ ತೋರಿಸಿದರೆ ವೇಗ 133. ಅದು ನಂಬುವಂಥ ಸಂಖ್ಯೆ, ದಂಡ ಬೀಳುವುದು ತಪ್ಪು ಮಾಡದವರಿಗೆ. ಸಂಚಾರ ದಟ್ಟಣೆಯ ಸಮೀಕ್ಷೆಗಾಗಿ ಇದೇ ಲೆಕ್ಕ ಮಾಡಿದ್ದರೆ ಒಂದೆರಡು ತಪ್ಪು ಜೋಡಿ ಸರಾಸರಿಯಲ್ಲಿ ಕರಗಿಹೋಗುತ್ತಿದ್ದವು. ಕಳವಾದ ವಾಹನಗಳ ಪಟ್ಟಿಯದು ಮತ್ತೊಂದು ಬಗೆ. ಸಾವಿರ ನಂಬರುಗಳ ಪಟ್ಟಿಗೆ ಒಂದಂಕಿಯ ಸಡಿಲಿಕೆ ಕೊಟ್ಟರೆ ಇನ್ನೂ ಸುಮಾರು 36,000 ನಂಬರುಗಳು ಅನುಮಾನದ ಬಲೆಗೆ ಬೀಳುತ್ತವೆ. ಆದರೂ ಇಲ್ಲಿ ಸಡಿಲಿಕೆ ಬೇಕು, ಏಕೆಂದರೆ ಕಳ್ಳ ಅಂಕಿಯನ್ನು ತಿದ್ದಿರಬಹುದು. ಸೂಚನೆ ಬಂದಾಗ ಸಿಬ್ಬಂದಿ ಚಿತ್ರವನ್ನು ಕಣ್ಣಾರೆ ನೋಡಿದ ಬಳಿಕವೇ ವಾಹನ ತಡೆಯಬೇಕು, ಅಷ್ಟೇ.

ಎಲ್ಲೆಡೆ ಕಟ್ಟುನಿಟ್ಟಾಗಿ ಪೂರ್ಣ ಹೊಂದಾಣಿಕೆಯನ್ನೇ ಕೇಳಿದರೆ ಈ ತೊಡಕೇ ಇಲ್ಲವಲ್ಲ ಎಂಬ ವಾದವುಂಟು. ಅದು ಕಾಣುವಷ್ಟು ನಿಷ್ಪಕ್ಷಪಾತವಲ್ಲ. ಪ್ಲೇಟು ಚೊಕ್ಕಟವಾಗಿಟ್ಟವರು ಮಾತ್ರ ಸಿಕ್ಕಿಬೀಳುತ್ತಾರೆ, ಮಣ್ಣು ಮೆತ್ತಿಕೊಂಡವರೂ ಅಕ್ಷರ ತಿದ್ದಿದವರೂ ಪಾರಾಗುತ್ತಾರೆ. ಮೇಲಾಗಿ ತಪ್ಪಾಗಿ ಓದಿದ ನಂಬರ್ ಇನ್ನೊಬ್ಬರ ನಂಬರಿಗೆ ‘ಪೂರ್ಣವಾಗಿ’ ಹೊಂದಿರಬಹುದು. ಪೂರ್ಣ ಹೊಂದಾಣಿಕೆ ಅಕ್ಷರಗಳ ಬಗ್ಗೆ ಭರವಸೆ ಕೊಡುತ್ತದೆಯೇ ಹೊರತು ವಾಹನದ ಬಗ್ಗೆ ಅಲ್ಲ.

ವಾಹನದ ಬಗ್ಗೆ ಭರವಸೆ ಬರಬೇಕಾದರೆ ಅಕ್ಷರಗಳ ಆಚೆಗಿನ ಎರಡನೆಯ ಸಾಕ್ಷಿ ಬೇಕು. ಕೆಎಸ್‌ಆರ್‌ಟಿಸಿ ಬಸ್ಸುಗಳ ಸೀರೀಸ್ ‘ಎಫ್’. ಅದನ್ನು ‘ಪಿ’ ಎಂದು ಓದಿ ದಾಖಲೆ ತೆರೆದಾಗ ಕಾರು ಬಂದರೆ ಚಿತ್ರದಲ್ಲಿರುವ ಬಸ್ಸೇ ತಪ್ಪನ್ನು ಹೇಳುತ್ತದೆ. ಪ್ಲೇಟಿನ ಬಣ್ಣ ಹಳದಿಯೋ ಬಿಳಿಯೋ ಹಸಿರೋ ಎಂಬುದು ಬಾಡಿಗೆ, ಖಾಸಗಿ, ವಿದ್ಯುತ್ ವಾಹನಗಳನ್ನು ಬೇರ್ಪಡಿಸುತ್ತದೆ. ಕೇಂದ್ರದ ನೋಂದಣಿ ದತ್ತಾಂಶವಾದ ‘ವಾಹನ್’ನಲ್ಲಿರುವ ಮಾದರಿ ಮತ್ತು ಬಣ್ಣ, ಫಾಸ್ಟ್ಯಾಗ್, ಮುಂದಿನ ಹಿಂದಿನ ಕ್ಯಾಮೆರಾಗಳ ಸಮಯ ಇವೂ ಸಾಕ್ಷಿಗಳೇ. 2019ರ ಏಪ್ರಿಲ್ 1ರಿಂದ ತಯಾರಾದ ವಾಹನಗಳಿಗೆ ಕಡ್ಡಾಯವಾದ ಅತಿ ಸುರಕ್ಷಿತ ನೋಂದಣಿ ಫಲಕ ಅಕ್ಷರದ ಆಕಾರವನ್ನು ಏಕರೂಪಗೊಳಿಸಿ ಓದನ್ನು ಸುಧಾರಿಸಿದೆ, ಆದರೆ ಅದರಲ್ಲೂ ನಂಬರಿಗೆ ತಾಳೆಯ ಅಂಕಿ ಸೇರಲಿಲ್ಲ. ಎಲೆಕ್ಟ್ರಾನಿಕ್ ನಿಗಾ ಕುರಿತು 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿದ 167ಎ ನಿಯಮ ದಂಡದ ನೋಟಿಸಿನೊಂದಿಗೆ ನಂಬರ್ ಪ್ಲೇಟಿನ ಸ್ಪಷ್ಟ ಚಿತ್ರವಿರಬೇಕೆಂದು ಹೇಳುತ್ತದೆ. ಮಾಲೀಕರು ಯಂತ್ರದ ಓದನ್ನು ತಾವೇ ಪರೀಕ್ಷಿಸಬಹುದಾದ ಹಕ್ಕು ಅದರಲ್ಲಿ ಅಡಗಿದೆ.

ಆದ್ದರಿಂದ ಎಲ್ಲ ಕೆಲಸಕ್ಕೂ ಒಗ್ಗುವ ಒಂದೇ ಮಿತಿ ಇರಲಾರದು. ಕಣ ಚಿಕ್ಕದಾಗಿ ತಪ್ಪಿನ ನಷ್ಟ ಅಲ್ಪವಾಗಿರುವಲ್ಲಿ ಒಂದೆರಡು ಅಕ್ಷರದ ವ್ಯತ್ಯಾಸವನ್ನು ಯಂತ್ರಕ್ಕೇ ಬಿಡಬಹುದು. ಹುಡುಕಾಟದಲ್ಲಿ ಸಡಿಲಿಕೆ ಇರಲಿ, ಕ್ರಮ ಕೈಗೊಳ್ಳುವ ಮುನ್ನ ಮನುಷ್ಯರ ಕಣ್ಣು ಬೇಕು. ದಂಡ ಹಾಕುವಲ್ಲಿ ಅಕ್ಷರಗಳೆಲ್ಲ ಹೊಂದಿದರೂ ಸಾಲದು, ವಾಹನವೂ ಹೊಂದಬೇಕು.