ಧಾರೆ ಸೀರೆಗೆ ಪ್ಲಾಸ್ಟಿಕ್ ಅಂಟಿಸುತ್ತೀರಾ?

ಯಾರಾದರೂ ನಿಮ್ಮ ಧಾರೆ ಸೀರೆಯನ್ನು ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು, ಬಿಸಿಯಾಗಿ ಇಸ್ತ್ರಿ ಹೊಡೆದು, ‘ಇನ್ನು ನೂರು ವರ್ಷ ಯೋಚನೆಯಿಲ್ಲ ಬಿಡಿ’ ಎಂದರೆ ಏನು ಮಾಡುತ್ತೀರಿ? ಸೆರಗು ಸಿಕ್ಕಿಸಿಕೊಂಡು ಜಗಳಕ್ಕೇ ನಿಲ್ಲುತ್ತೀರಿ. ಆದರೆ ಹಳೆಯ ಚಿತ್ರವೊಂದು ಕೈಗೆ ಸಿಕ್ಕರೆ ನಾವೇ ದುಡ್ಡು ಕೊಟ್ಟು ಅದಕ್ಕೆ ಇದೇ ಗತಿ ಕಾಣಿಸುತ್ತೇವೆ. ಅದಕ್ಕೆ ಲ್ಯಾಮಿನೇಶನ್ ಎಂದು ಹೆಸರು.

ನಾನೂ ಮಾಡಿಸಿದವಳೇ. 1972ರಲ್ಲಿ ‘ಬಂಗಾರದ ಮನುಷ್ಯ’ ಬಂದಾಗ ನಮ್ಮ ತಂದೆ ಟಾಕೀಸಿನವರನ್ನು ಕಾಡಿ ಬೇಡಿ ಒಂದು ಪೋಸ್ಟರ್ ತಂದಿದ್ದರಂತೆ. ವಾರದೊಳಗೆ ಮಳೆಗೋ ದನದ ಬಾಯಿಗೋ ಹೋಗಬೇಕಾಗಿದ್ದ ಕಾಗದ, ಟ್ರಂಕಿನಲ್ಲಿ ಪಂಚೆಗಳ ಕೆಳಗೆ ಮಲಗಿ ಅವರಿಗಿಂತ ಹೆಚ್ಚು ಕಾಲ ಬದುಕಿತು. ಅವರು ತೀರಿಕೊಂಡ ಮೇಲೆ ಅದನ್ನು ಜಯನಗರದ ಒಂದು ಅಂಗಡಿಗೆ ಒಯ್ದೆ. ‘ಫ್ರೇಮಿಗೆ ಸಾವಿರಗಟ್ಟಲೆ ಆಗುತ್ತೆ ಮೇಡಂ, ಲ್ಯಾಮಿನೇಶನ್ ಮಾಡಿಸಿ’ ಎಂದರು. ಮೂವತ್ತು ವರ್ಷ ಮಕ್ಕಳಿಗೆ ‘ಪ್ರಶ್ನೆ ಕೇಳಿ’ ಎಂದು ಹೇಳಿದವಳು, ಇದನ್ನು ಮತ್ತೆ ಬಿಡಿಸಲು ಬರುತ್ತದೆಯೇ ಎಂದು ಕೇಳಲೇ ಇಲ್ಲ. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ರಾಜಕುಮಾರರ ಕೆನ್ನೆಯ ಮೇಲೆ ಗುಳ್ಳೆ ಎದ್ದಿತು. ಬಿಡಿಸಲು ಹೋದರೆ ಪ್ಲಾಸ್ಟಿಕ್ಕಿನ ಜೊತೆ ಬಣ್ಣವೂ ಬಂತು.

ಬಿಚ್ಚಲು ಬಾರದ್ದು ರಕ್ಷಣೆಯಲ್ಲ, ಬಂಧನ. ಪೋಸ್ಟರಿನ ಅಗ್ಗದ ಕಾಗದದಲ್ಲಿ ಮರದ ತಿರುಳಿನ ಆಮ್ಲ ಮೊದಲೇ ಇರುತ್ತದೆ. ಪ್ಲಾಸ್ಟಿಕ್ ಅದನ್ನು ಒಳಗೇ ಕೂಡಿಹಾಕುತ್ತದೆ.

ಹಾಗಾದರೆ ಬಡವರು ಏನು ಮಾಡಬೇಕು? ಚಿತ್ರದ ಫೋಟೋ ತೆಗೆಸಿ, ಅದರ ಪ್ರತಿಗೆ ಕಟ್ಟು ಹಾಕಿ ಗೋಡೆಗೆ ತೂಗುಹಾಕಿ. ಬಿಸಿಲು ಪ್ರತಿಯನ್ನು ತಿನ್ನಲಿ. ಮೂಲವನ್ನು ತೊಳೆದ ಬಿಳಿ ಹತ್ತಿ ಬಟ್ಟೆಯಲ್ಲಿ ಮಡಿಸದೆ ಇಟ್ಟು, ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಮಲಗಿಸಿ. ವರ್ಷಕ್ಕೆರಡು ಬಾರಿ ತೆಗೆದು, ಹುಳ ಬಿದ್ದಿದೆಯೇ ನೋಡಿ, ನೆರಳಿನಲ್ಲಿ ಗಾಳಿಯಾಡಿಸಿ. ರೇಷ್ಮೆ ಸೀರೆಗೆ ಮಾಡುವುದಷ್ಟೇ. ನಮಗೆ ಯಾರೂ ಕಲಿಸಬೇಕಾಗಿಲ್ಲ.

ಮೂಲಕ್ಕೇ ಕಟ್ಟು ಬೇಕೆಂದರೆ ಹಳೆಯ ದೇವರ ಪಟದ ಚೌಕಟ್ಟು ಸಾಕು. ಆದರೆ ಅಂಗಡಿಯಲ್ಲಿ ಹಟ ಹಿಡಿಯಿರಿ: ಹಿಂದೆ ಪ್ಲೈವುಡ್ ತಾಗಬಾರದು, ಆಮ್ಲವಿಲ್ಲದ ರಟ್ಟು ಇರಲಿ. ಗಾಜು ಚಿತ್ರಕ್ಕೆ ಮುಟ್ಟಬಾರದು, ಮಳೆಗಾಲದ ತೇವಕ್ಕೆ ಬಣ್ಣ ಗಾಜಿಗೆ ಅಂಟಿಬಿಡುತ್ತದೆ. ಸುತ್ತ ರಟ್ಟಿನ ಅಂಚು ಕೊಡಿಸಿ. ಫೆವಿಕಾಲ್ ಬೇಡ, ಟೇಪ್ ಬೇಡ. ಹಳೆಯ ಆಲ್ಬಮ್ಮಿನಲ್ಲಿದ್ದಂತೆ ಕಾಗದದ ಮೂಲೆಗಳಲ್ಲಿ ಸಿಕ್ಕಿಸಿದರಾಯಿತು.

‘ಒಂದು ಸಿನಿಮಾ ಪೋಸ್ಟರಿಗೆ ಇಷ್ಟೊಂದೇ?’ ಎಂದು ನಮ್ಮ ಮನೆಯಲ್ಲೂ ಕೇಳಿದರು. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದ ಎಸ್. ಎಂ. ಪಂಡಿತರು ಮುಂಬಯಿಯಲ್ಲಿ ಸಿನಿಮಾ ಪೋಸ್ಟರುಗಳನ್ನೂ ಕ್ಯಾಲೆಂಡರಿನ ದೇವರುಗಳನ್ನೂ ಬರೆದರು. ಅದಕ್ಕೂ ಮೊದಲು, 1894ರಲ್ಲಿ ಶುರುವಾದ ರವಿವರ್ಮರ ಅಚ್ಚುಕೂಟದಿಂದ ಲಕ್ಷ್ಮಿ, ಸರಸ್ವತಿಯರು ನಮ್ಮ ಅಜ್ಜಿಯರ ಗೋಡೆಗೆ ಬಂದರು. ರವಿವರ್ಮರು ಬಣ್ಣದಲ್ಲಿ ಬರೆದ ಚಿತ್ರಗಳಿಗೆ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಕಾವಲಿದೆ. ಅಚ್ಚಾದ ಕಾಗದಕ್ಕೆ ಕಾವಲು ಯಾರು? ರದ್ದಿಯವನು ಬಾಗಿಲಿಗೆ ಬಂದಾಗ ‘ಅದು ಬೇಡ, ಇರಲಿ’ ಎಂದು ಕೈಯಿಂದ ಕಿತ್ತುಕೊಳ್ಳುವ ಹೆಂಗಸರೇ ತಾನೆ?

ಆ ಕೈಗಳೇ ಅದನ್ನು ಬಿಸಿ ಯಂತ್ರದೊಳಕ್ಕೆ ತಳ್ಳದಿರಲಿ. ನನ್ನದು ಹೋಯಿತು. ನಿಮ್ಮದು ಇನ್ನೂ ಟ್ರಂಕಿನಲ್ಲಿದ್ದರೆ, ಇವತ್ತೇ ತೆಗೆದು ನೋಡಿ.